ಹೆಸರು ಬರೆಯದ ಬೋರಮಾಳ

"ಇದರಲ್ಲಿ ನಿಮ್ಮವು ಯಾವುವು, ಆಜಿ?"

ಮರಾಠಿಯಲ್ಲಿ ಹೀಗೆ ಕೇಳಿದವರು, ಮೊನ್ನೆ ದಿವಾಳಿಯಾದ ಒಡವೆ ಅಂಗಡಿಯ ಆಸ್ತಿ ವಿಲೇವಾರಿಗೆ ಬಂದಿರುವ ಅಧಿಕಾರಿ. ಕೇಳಿಸಿಕೊಂಡವರು ನಮ್ಮ ಸುಮಿತ್ರಾ ಕಾಕು. ಮುಂದಿದ್ದ ಡಬ್ಬಿಯಲ್ಲಿ ಬೋರಮಾಳ ಸರದ ಚಿನ್ನದ ಗುಂಡುಗಳು, ಬಿಡಿಬಿಡಿಯಾಗಿ. ಎಲ್ಲವೂ ಒಂದೇ ಥರ.

ಕಾಕು ಮರಾಠಿ ಸೀಮೆಯ ಚಿಂಚವಾಡದಲ್ಲಿ ನಮ್ಮ ಪಕ್ಕದ ಫ್ಲಾಟಿನವರು. (ಕಾಕು ಎಂದರೆ ಚಿಕ್ಕಮ್ಮ; ರಕ್ತಸಂಬಂಧವಿಲ್ಲ, ರೊಟ್ಟಿ-ಚಟ್ನಿಯ ಸಂಬಂಧ.) ಅವರ ಅವ್ವನದೆಂದು ಉಳಿದಿದ್ದು ಆ ಬೋರಮಾಳ ಒಂದೇ. ದಾರ ಸವೆದಿತ್ತೆಂದು ಮತ್ತೆ ಪೋಣಿಸಲು ಕೊಟ್ಟಿದ್ದರು. ಅಂಗಡಿಯವನು ವಿಜಯಪುರದ ಕಡೆಯವನು, ಕನ್ನಡ ಮಾತಾಡುತ್ತಿದ್ದ. ಊರು ಬಿಟ್ಟು ಬಂದವರಿಗೆ ಇನ್ನೇನು ಬೇಕು?

ಅವನು ಪ್ಯಾಕೆಟ್ ಮೇಲೆ ಹೆಸರು ಬರೆಯಲು ಹೊರಟಿದ್ದನಂತೆ. ತಡೆದವರು ಕಾಕುನೇ. "ಹೆಸರ ಯಾಕ ಬರೀತಿ ತಮ್ಮಾ? ನಾವೇನ್ ಹೊರಗಿನವರೇನು?" ಅವನು ನಕ್ಕು ಪೆನ್ನು ಜೇಬಿಗಿಟ್ಟ. ಆಮೇಲೆ ಸರ ಬಿಚ್ಚಿ, ಗುಂಡುಗಳನ್ನು ಅಂಗಡಿಯವೂ ಬೇರೆ ಗಿರಾಕಿಗಳವೂ ಇದ್ದ ಡಬ್ಬಿಗೆ ಸುರಿದ. ನಮ್ಮ ಮಂದಿಯೇ ಹೀಗೆ. ಚೀಟಿ ಕೇಳಿದರೆ ಎಲ್ಲಿ ಬೇಜಾರು ಮಾಡಿಕೊಳ್ಳುತ್ತಾರೋ ಎಂಬ ಸಂಕೋಚ.

ಕಾನೂನು ಕಾಕುನ ಪರವಾಗಿಯೇ ಇತ್ತು, ನೋಡಿ. ನಂಬಿ ಒಪ್ಪಿಸಿದ ವಸ್ತು ಅಂಗಡಿ ಮುಳುಗಿದರೂ ಅಂಗಡಿಯದಾಗುವುದಿಲ್ಲ. ಸಾಲ ಕೊಟ್ಟ ಬ್ಯಾಂಕೂ ಅದನ್ನು ಮುಟ್ಟುವಂತಿಲ್ಲ. ಆದರೆ ಇದೇ ನನ್ನದು ಎಂದು ತೋರಿಸಬೇಕು. ಅಂಗಡಿಯ ಮಾಲಿನ ಜೊತೆ ಬೆರೆತು ಗುರುತೇ ಸಿಗದಿದ್ದರೆ? ಕ್ಲೇಮ್ ಫಾರ್ಮ್ ತುಂಬಿ, ಬಾಕಿ ಬರಬೇಕಾದ ಎಲ್ಲರ ಜೊತೆ ಕ್ಯೂನಲ್ಲಿ ನಿಲ್ಲಬೇಕು. ಸಿಕ್ಕರೂ ದುಡ್ಡು ಸಿಗಬಹುದು, ಅವ್ವನ ಸರವಲ್ಲ.

ಕಾಕು ಒಂದೊಂದೇ ಗುಂಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅಷ್ಟು ವರ್ಷ ಅವ್ವನ ಕೊರಳಲ್ಲಿ ಇದ್ದದ್ದು ತಮಗೆ ಗುರುತು ಸಿಗದೇ ಇದ್ದೀತೇ ಎಂದುಕೊಂಡಿದ್ದರು. ಸಿಗಲಿಲ್ಲ. ಎತ್ತಿದ ಗುಂಡನ್ನು ಮತ್ತೆ ಡಬ್ಬಿಗೇ ಹಾಕಿದರು.

ಅಧಿಕಾರಿ ಒಳ್ಳೆಯ ಮನುಷ್ಯ, ಅವಸರ ಮಾಡಲಿಲ್ಲ. ಜೊತೆಗೆ ಹೋಗಿದ್ದ ನಾನೇ ತಡೆಯಲಾರದೆ ಪಿಸುಗುಟ್ಟಿದೆ. "ಯಾವುದರೆ ಒಂದಿಷ್ಟು ತೋರಿಸಿಬಿಡ್ರಿ ಕಾಕು. ಯಾರಿಗೆ ಗೊತ್ತಾಗ್ತದ?"

ಕಾಕು ಡಬ್ಬಿ ಮುಚ್ಚಿ ಅಧಿಕಾರಿಯ ಕಡೆ ಸರಿಸಿದರು.

"ಬ್ಯಾಡವಾ. ಮತ್ತೊಬ್ಬರ ಅವ್ವಂದು ನನ್ನ ಕೈಗೆ ಬಂದೀತು."

ಮತ್ತೊಬ್ಬರದನ್ನು ನಿನ್ನದರ ಜೊತೆ ಬೆರೆಸಬೇಡ ಎಂದು ಕಾನೂನು ಆ ಅಂಗಡಿಯವನಿಂದ ಕೇಳಿದ್ದೂ ಇಷ್ಟೇ ಅಲ್ಲವೇ?