ಉದಗೀರಿನ ವಾಡೆಯ ಒಂದು ತಂಬಿಗೆ ನೀರು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುವವಳು. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ಅಂಥ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಈಗಲೂ ಪೂರಾ ನಂಬುತ್ತೇನೆಂದಲ್ಲ. ಆದರೆ ಮರಾಠಿ ಸೀಮೆಯ ಗಡಿಯೂರಾದ ಈ ಉದಗೀರಿನಲ್ಲಿ ನನಗಾದದ್ದನ್ನು ಸುಳ್ಳೆನ್ನಲು ಬಾಯಿ ಬರುವುದಿಲ್ಲ. ನಕ್ಕರೆ ನಗಿರಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅದು ಸಾಲಾಗಿ ಎರಡನೇ ವರ್ಷದ ಬರ. ನಮ್ಮ ಮನೆಯ ಬಾವಿ ಯುಗಾದಿಗೆ ಮೊದಲೇ ಬತ್ತಿತ್ತು. ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಅತ್ತೆಯವರೋ ಲಿಂಗಪೂಜೆ ಆಗದೆ ತುತ್ತು ಮುಟ್ಟುವವರಲ್ಲ. ಆ ಪೂಜೆಯ ನೀರಿಗೆ ನಮ್ಮ ಮನೆಗಳಲ್ಲಿ ಅಗ್ಗಣಿ ಎನ್ನುತ್ತಾರೆ. ಅದು ಬಾವಿಯದೇ ಆಗಬೇಕು, ರಬ್ಬರ್ ಪೈಪಿನಿಂದ ಬಂದದ್ದು ನಡೆಯದು ಎಂದು ಅವರ ಹಟ. ಅಲ್ಲಿಯವರೆಗೆ ನೆರೆಮನೆಯ ಬಾವಿಯಿಂದ ತರುತ್ತಿದ್ದೆ. ಅದೂ ಬತ್ತಿದ ದಿನ ಟ್ಯಾಂಕರ್ ನೀರನ್ನೇ ತಾಮ್ರದ ತಂಬಿಗೆಗೆ ತುಂಬಿ, "ಬಾವಿದೇ ಅದರೀ ಅತ್ತಿ" ಎಂದು ಮುಂದಿಟ್ಟೆ. ಅವರು ಮೂಗಿನ ಹತ್ತಿರ ಹಿಡಿದು ನೋಡಿ, "ದವಾಖಾನಿ ವಾಸನಿ ಬರ್ಲಿಕತ್ತದ. ನನಗೇ ಟೊಪಗಿ ಹಾಕ್ತೀ ಏನು?" ಎಂದು ಸರಿಸಿಬಿಟ್ಟರು.

ಹೀಗೆ ಎರಡು ದಿನ ಉಪವಾಸ. ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯ ಜೀವ. ಇನ್ನೊಂದು ದಿನ ಬಿಟ್ಟರೆ ಕೈ ಮೀರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೂರನೆಯ ದಿನ ಅವರ ನಾಲಿಗೆ ತೊದಲತೊಡಗಿತು. ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು. ತಂಬಿಗೆ ಹಿಡಿದುಕೊಂಡು ಉರಿಬಿಸಿಲಿನಲ್ಲಿ ಹೊರಬಿದ್ದೆ.

ಕಿಲ್ಲೆಯ ಕಡೆಯ ಹಳೆಯ ಗಲ್ಲಿಗಳಲ್ಲಿ ಮನೆಮನೆ ಕೇಳಿದೆ. ಎಲ್ಲೂ ಇಲ್ಲ. ಕೊನೆಗೆ ಒಬ್ಬ ದರ್ಜಿಯ ಅಂಗಡಿಯ ಎದುರು ಒಂದು ದೊಡ್ಡ ಬಾಗಿಲು ಅರ್ಧ ತೆರೆದಿರುವುದು ಕಂಡಿತು. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದರೂ ಅದನ್ನು ನೋಡಿದ ನೆನಪಿರಲಿಲ್ಲ. ಹೊರಗೆ ಮರಾಠಿ ಆಡುವ ರೂಢಿಯಂತೆ, "ಪಾಣಿ ಮಿಳೇಲ ಕಾ?", ನೀರು ಸಿಕ್ಕೀತೇ ಎಂದು ಕೂಗಿದೆ.

"ಅಗ್ಗಣಿಗೇನವ್ವಾ? ಒಳಗ ಬಾ," ಎಂದಿತು ಒಂದು ಹೆಣ್ಣುದನಿ, ಅಚ್ಚ ನಮ್ಮ ಕನ್ನಡದಲ್ಲಿ.

ಒಳಗೆ ದೊಡ್ಡದೊಂದು ವಾಡೆ. ದಪ್ಪ ಮರದ ಕಂಬಗಳು, ಸುತ್ತಲೂ ಮುಚ್ಚಿದ ಬಾಗಿಲುಗಳು. ಊರಿಗೆಲ್ಲ ಹನಿ ನೀರಿಲ್ಲ, ಇಲ್ಲಿಯ ಅಂಗಳ ಮಾತ್ರ ಆಗತಾನೇ ಸಾರಿಸಿದ ಹಾಗೆ ಹಸಿಯಾಗಿತ್ತು. ಒಂದು ಜೋಡಿ ಚಪ್ಪಲಿಯಿಲ್ಲ, ಒಣಹಾಕಿದ ಬಟ್ಟೆಯಿಲ್ಲ, ಬೀದಿಯ ಸದ್ದೂ ಇಲ್ಲ. ನಡುವೆ ಬಾವಿ. ಹಣೆ ತುಂಬ ವಿಭೂತಿ ಹಚ್ಚಿದ ಹೆಂಗಸೊಬ್ಬಳು ನೀರು ಸೇದುತ್ತಿದ್ದಳು. ಹಗ್ಗದ ಗಡಗಡೆ ತಿರುಗುತ್ತಿತ್ತು, ಆದರೆ ಸಪ್ಪಳವೇ ಇಲ್ಲ! ಆಕೆ ತಂಬಿಗೆ ತುಂಬಿ, "ಲಗೂನ ಹೋಗವ್ವಾ, ನಿಮ್ಮ ಅತ್ತಿ ದಾರಿ ನೋಡ್ಲಿಕತ್ತಾಳ" ಎಂದಳು. ಅತ್ತೆಯ ಸುದ್ದಿಯನ್ನು ನಾನು ಎತ್ತಿಯೇ ಇರಲಿಲ್ಲ. ಹಿಂದೆ ತಿರುಗಿ ನೋಡದೆ ಮನೆಗೆ ಬಂದೆ.

ಅತ್ತೆಯವರು ಪೂಜೆ ಮಾಡಿಕೊಂಡು ಎರಡು ಬಟ್ಟಲು ಅಂಬಲಿ ಕುಡಿದರು. ಸಂಜೆ ನನ್ನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಬೈದರು. ಆ ಬೈಗುಳ ಕೇಳಿ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಜೀವ ಉಳಿದಿತ್ತು.

ಮರುದಿನ ಮತ್ತೆ ನೀರಿಗೆ ಹೋದೆ. ದರ್ಜಿಯ ಎದುರಿಗೆ ಬರೀ ಗೋಡೆ. ಅಲ್ಲಿದ್ದ ಬಾಗಿಲು ಎಲ್ಲಿ ಎಂದು ಕೇಳಿದರೆ ಕನ್ನಡ ಬಲ್ಲ ಆ ಮುದಿ ದರ್ಜಿ ನನ್ನ ಮುಖವನ್ನೇ ನೋಡಿದ. "ಬಾಗಲಾ ಎಲ್ಲಿ ಅದರೀ ಬಾಯಾರ? ನಾ ಸಣ್ಣಾಂವ ಇದ್ದಾಗಿಂದ ಗ್ವಾಡಿನೇ ಅದ. ನಿನ್ನಿ ನೀವು ಇದರ ಮುಂದ ಸುಮ್ಮ ನಿಂತಿದ್ರಿ. ಆಮ್ಯಾಲ ತುಂಬಿದ ತಂಬಗಿ ಹಿಡ್ಕೊಂಡು ಹೋದ್ರಿ."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಎಂಥ ನೀರಿನಲ್ಲಿ ಪೂಜೆ ಮಾಡಿಸಿದಿ ಎಂದು ರೇಗುತ್ತಾರೆ ಅಂದುಕೊಂಡಿದ್ದೆ. ಅವರು, "ಆಕಿ ಉಂಡಾಳೇನು, ಕೇಳಿದ್ಯಾ?" ಎಂದರು.

"ಇಲ್ಲರೀ."

"ಹುಚ್ಚಿ! ಅಷ್ಟೂ ತಿಳೀಲಿಲ್ಲಾ ನಿನಗ?" ಎಂದು ಗದರಿ, ನನ್ನ ಕೈ ಹಿಡಿದುಕೊಂಡು, "ಇನ್ನ ಎಲ್ಲೂ ಹೋಗಬ್ಯಾಡ. ಟ್ಯಾಂಕರಿಂದೇ ತಾ" ಎಂದರು. ಮುಖ ಸಿಂಡರಿಸಿಕೊಂಡೇ ಆ ನೀರಿನಲ್ಲಿ ಪೂಜೆ ಮಾಡಿದರು.

ಆಮೇಲೆ ಆರು ವರ್ಷ ಅವರು ನಮ್ಮ ಜೊತೆಗಿದ್ದರು. ಆ ವರ್ಷಗಳನ್ನು ಕೊಟ್ಟವಳು ಯಾರು, ನನಗೆ ಗೊತ್ತಿಲ್ಲ. ಅದನ್ನು ಬಗೆಹರಿಸುವ ಹಂಬಲವನ್ನೂ ಬಿಟ್ಟಿದ್ದೇನೆ. ಆದರೆ ಮನೆಗೆ ಬಂದ ಅಪರಿಚಿತರನ್ನೂ ಊಟ ಆಯಿತೇ ಎಂದು ಕೇಳುವವಳು ನಾನು, ನನ್ನ ಅತ್ತೆಯನ್ನು ಉಳಿಸಿಕೊಟ್ಟ ಅವಳನ್ನು ಕೇಳಲಿಲ್ಲವಲ್ಲ ಎಂಬ ಕೊರಗು ಮಾತ್ರ ಹೋಗಿಲ್ಲ.