ಆಫ್ ಮಾಡಿ, ಬಾಯಲ್ಲಿ ಹೇಳಿ

ಆ ಬುಧವಾರ ಬೆಳಿಗ್ಗೆ ನಾನು ಬೇಳೆ ಬೇಯಲು ಇಟ್ಟಿದ್ದೆ. ಇಟ್ಟಮಡುವಿನಲ್ಲಿ ನಮ್ಮ ಗ್ಯಾರೇಜು ಮುಂದೆ, ಮನೆ ಹಿಂದೆ. ನಡುವೆ ಒಂದೇ ಗೋಡೆ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಗೋಡೆಯಾಚೆಯಿಂದ ನಮ್ಮ ಯಜಮಾನರೇ ಹೇಳುತ್ತಿದ್ದರು. ಇಂಜಿನ್ನಿನ ಗದ್ದಲದಲ್ಲೂ ಅವರ ಎಣಿಕೆ ತಪ್ಪಿದ್ದಿಲ್ಲ. ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಅವತ್ತು ಯಾಕೋ ಎಣಿಸಿದ್ದೆ.

"ಎರಡು," ಎಂದರು.

"ಮೂರಾಯ್ತು ಕಣ್ರೀ. ಕಿವಿಗೆ ಸ್ವಲ್ಪ ಗ್ರೀಸ್ ಹಾಕಿಸ್ಕೊಳ್ಳಿ."

"ಮೊದಲನೇದು ಕೂಗಿದ್ದಲ್ಲ ಕಣೇ, ಸೀನಿದ್ದು. ನಿನ್ನ ಕುಕ್ಕರ್ ವೆಯ್ಟ್ ಲೂಸಾಗಿದೆ."

ಅವರ ಜೊತೆ ಹದಿನೈದು ವರ್ಷದಿಂದ ಕೆಲಸ ಮಾಡುವ ಕಿಟ್ಟಿ ಜೋರಾಗಿ ನಕ್ಕ. ನಾನೂ ನಕ್ಕೆ. ಮಧ್ಯಾಹ್ನ ಸಾರು ಅನ್ನ ಉಂಡರು. ಆ ದಿನದಲ್ಲಿ ಬೇರೇನೂ ಇಲ್ಲ.

ಅವರ ಹೆಸರು ಗುರುಶಾಂತಪ್ಪ. ತಿಪಟೂರಿನ ಕಡೆಯವರು. ಹದಿನಾರನೇ ವಯಸ್ಸಿಗೆ ಸಾರಕ್ಕಿಯ ಒಂದು ಲಾರಿ ಶೆಡ್ಡಿಗೆ ಕೆಲಸಕ್ಕೆ ಸೇರಿದವರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದರು, ನನ್ನ ಹಾಗೇ. ಅವರ ಓದೆಲ್ಲ ಕಿವಿಯಲ್ಲಿತ್ತು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. "ಮೂರನೇ ಸಿಲಿಂಡರ್ ಉಬ್ಬಸ ಪಡ್ತಿದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಇಂಜಿನ್ನಿನ ಸದ್ದನ್ನು ಅವರು ಉಸಿರು ಎನ್ನುತ್ತಿದ್ದರು. ಉಸಿರು ನಿಂತರೆ ಗಾಡಿ ಆಫ್. "ಆಫ್ ಮಾಡಿದ್ರಾ" ಎಂದು ಅವರು ಯಾರನ್ನೂ ಕೇಳಿದವರಲ್ಲ. ನಲವತ್ತು ವರ್ಷ ಕೇಳಲಿಲ್ಲ.

ಆಮೇಲೆ ಕರೆಂಟಿನ ಕಾರುಗಳು ಬಂದವು.

"ಅಣ್ಣ, ಇದಕ್ಕೆ ಇಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ. ಮುಂದೆ ನಮಗೇನು ಕೆಲಸ?" ಎಂದು ಕಿಟ್ಟಿ ಕೇಳುತ್ತಿದ್ದ.

"ಚಕ್ರ ಇದೆಯಲ್ಲ ಮಗಾ. ಬ್ರೇಕ್ ಇದೆಯಲ್ಲ. ಅದನ್ನೇ ಮಾಡೋಣ."

ಒಂದು ಸಲ ಅಂಥ ಕಾರಿಗೂ ಸ್ಕ್ರೂಡ್ರೈವರ್ ಇಟ್ಟು ಕೇಳಿದ್ದರು. ಬಹಳ ಹೊತ್ತು ಕೇಳಿದರು. "ಏನೂ ಹೇಳಲ್ಲ ಇದು" ಎಂದು ಕೆಳಗಿಟ್ಟರು.

ಆ ಬುಧವಾರದ ಮರುದಿನ, ಗುರುವಾರ, ಜಯನಗರದ ಮಯೂರ್ ಅಂಥದೇ ಕರೆಂಟಿನ ಕಾರು ತಂದ. ಆಫೀಸಿಗೆ ಹೋಗುವ ಹುಡುಗ. ಮುಂದಿನ ಪ್ಲಾಸ್ಟಿಕ್ಕು ಟಯರಿಗೆ ತಾಗುತ್ತಿತ್ತು. ಕಾರನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ. ಆಫ್ ಮಾಡದೆ, ಬ್ರೇಕ್ ಮೇಲೆ ಕಾಲಿಟ್ಟು ಒಳಗೇ ಕೂತಿದ್ದ. ಕಾರಿನ ಉಸಿರು ಕೇಳಲಿಲ್ಲ. ಇವರು ಬಂಪರ್ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಹುಡುಗ ಹಿಂದಿನ ಸೀಟಿನ ಬ್ಯಾಗಿಗೆ ಕೈ ಚಾಚಿದ. ಕಾಲು ಜಾರಿತು. ಕಾರು ಮುಂದೆ ಸರಿಯಿತು. ಗಾಬರಿಯಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದ.

ನಾನು ಗೋಡೆಯ ಈ ಕಡೆ ಇದ್ದೆ. ಕಾರಿನ ಸದ್ದು ಕೇಳಲಿಲ್ಲ. ಗೋಡೆಯ ಸದ್ದು ಕೇಳಿತು. ಓಡಿಹೋಗಿ ಅವರ ಎದೆಗೆ ಕಿವಿ ಇಟ್ಟೆ.

ತಿಪಟೂರಿಗೆ ಕರೆದುಕೊಂಡು ಹೋಗಿ ಮಣ್ಣು ಮಾಡಿದೆವು. ಕೇಸು ನಡೆಯುತ್ತಿದೆ. ರಸ್ತೆಯವರು ಮಾತಾಡಿಕೊಂಡರು. ವಯಸ್ಸಾಗಿತ್ತು, ಕಿವಿ ಮಂದ ಆಗಿತ್ತು, ಪಾಪ ಗೊತ್ತಾಗಿಲ್ಲ ಎಂದರು. ನಾನು ಬಾಯಿ ಬಿಡಲಿಲ್ಲ. ಬುಧವಾರ ಅವರು ಮೂರಕ್ಕೆ ಎರಡು ಎಂದಿದ್ದು ನನಗೊಬ್ಬಳಿಗೇ ಗೊತ್ತು. ಕಿಟ್ಟಿಗೆ ಅದು ನೆನಪಿಲ್ಲ. ಕಿವಿ ಹೋಗಿದ್ದು ನಿಜವಾದರೆ, ಹಿಂದಿನ ದಿನವೇ ನನಗೆ ತಿಳಿದಿತ್ತು. ತಿಳಿದೂ ತಮಾಷೆ ಮಾಡಿದೆ. ಕುಕ್ಕರ್ ಇಟ್ಟರೆ ಗೋಡೆಯಾಚೆಯಿಂದ "ಎರಡು" ಎಂದು ಕೇಳಿಸುತ್ತಿತ್ತು. ಕುಕ್ಕರ್ ಅಟ್ಟಕ್ಕೆ ಹಾಕಿದೆ. ಪಾತ್ರೆಯಲ್ಲಿ ಬೇಯಿಸಿದೆ. ಆಗಲೂ ಕೇಳಿಸಿತು.

ಮೂರು ತಿಂಗಳಾದ ಮೇಲೆ ಮಯೂರ್ ಬಂದ. ಕಾರನ್ನು ರಸ್ತೆಯ ಕೊನೆಯಲ್ಲೇ ಬಿಟ್ಟು ನಡೆದು ಬಂದಿದ್ದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

"ಅದೇ ಕಾರಾ?" ಎಂದೆ.

"ಹೂಂ ಆಂಟಿ. ನಾಳೆ ಮಾರಿಬಿಡ್ತೀನಿ."

"ಇಲ್ಲಿಗೆ ತಗೊಂಡು ಬಾ."

"ಆಂಟಿ, ಬೇಡ..."

"ತಗೊಂಡು ಬಾ ಅಂದೆ."

ತಂದ. ಅದೇ ಗೋಡೆಯ ಹತ್ತಿರ ನಿಲ್ಲಿಸಿದ. ನಾನು ಪಕ್ಕದಲ್ಲಿ ನಿಂತು ಅವರ ಸ್ಕ್ರೂಡ್ರೈವರನ್ನು ಬಾನೆಟ್ಟಿಗೆ ಒತ್ತಿ ಹಿಡಿಗೆ ಕಿವಿ ಕೊಟ್ಟೆ. ಎದುರು ಮನೆಯ ಮಿಕ್ಸಿ ಕೇಳಿಸಿತು. ಮೂರನೇ ಕ್ರಾಸಿನ ಸೊಪ್ಪಿನವಳ ಕೂಗು ಕೇಳಿಸಿತು.

"ಈಗ ಆನ್ ಮಾಡು," ಎಂದೆ.

"ಆನೇ ಇದೆ ಆಂಟಿ. ಆಗ್ಲಿಂದ ಆನೇ ಇದೆ."

ನನ್ನ ಕಿವಿ ಚೆನ್ನಾಗಿದೆ. ಅದಕ್ಕೂ ಏನೂ ಕೇಳಿಸಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಳಿಸಿದೆ.

"ಆಫ್ ಮಾಡು. ಮಾಡಿ ಬಾಯಲ್ಲಿ ಹೇಳು."

"ಆಫ್ ಮಾಡಿದೆ ಆಂಟಿ."

"ಸರಿ. ಹೋಗು."

ಆ ಕಾರಿನ ಮುಂದೆ ಯಾರ ಕಿವಿ ಇದ್ದರೂ ಅಷ್ಟೇ. ರಸ್ತೆಯಲ್ಲಿ ಕೇಳಿದವರಿಗೆ ಈಗ ಇದನ್ನೇ ಹೇಳುತ್ತೇನೆ. ಆದರೆ ಬುಧವಾರದ ಎಣಿಕೆ ಹಾಗೇ ಉಳಿದಿದೆ. ಅಟ್ಟದಿಂದ ಕುಕ್ಕರ್ ಇಳಿಸಿ ಮತ್ತೆ ಒಲೆಗೆ ಇಟ್ಟು ನೋಡಿದೆ. ಒಂದು ದಿನ ಸೀನುತ್ತದೆ, ಒಂದು ದಿನ ಇಲ್ಲ.

ಗ್ಯಾರೇಜನ್ನು ಕಿಟ್ಟಿಗೆ ಬಿಟ್ಟೆ. ಅವನು ಕರೆಂಟಿನ ಕಾರುಗಳ ಟ್ರೇನಿಂಗ್ ಮುಗಿಸಿ ಬಂದಿದ್ದಾನೆ. ದಪ್ಪ ರಬ್ಬರ್ ಗ್ಲೌಸು ಹಾಕಿಕೊಳ್ಳುತ್ತಾನೆ. ಕಿತ್ತಳೆ ಬಣ್ಣದ ವೈರು ಮುಟ್ಟಬೇಡಿ ಅಕ್ಕ, ಕರೆಂಟು ಜಾಸ್ತಿ ಎನ್ನುತ್ತಾನೆ. ಲ್ಯಾಪ್‌ಟಾಪ್ ಸಿಕ್ಕಿಸಿ ಓದಿ ಕಾಯಿಲೆ ಹೇಳುತ್ತಾನೆ. ನೆಲಕ್ಕೆ ಆಯಿಲ್ ಕಲೆ ಬೀಳುವುದು ಕಡಿಮೆಯಾಗಿದೆ. ಸ್ಕ್ರೂಡ್ರೈವರ್ ಮೊಳೆಯಲ್ಲಿ ನೇತಾಡುತ್ತಿದೆ. ಆ ಗೋಡೆಯ ಮೇಲೆ ನಾನೇ ಕೆಂಪು ಪೇಂಟಿನಲ್ಲಿ ಬರೆದೆ, ಆಫ್ ಮಾಡಿ, ಬಾಯಲ್ಲಿ ಹೇಳಿ. ಅಕ್ಷರ ಸೊಟ್ಟಗಿದೆ. ಕಿಟ್ಟಿ ಸರಿಮಾಡಿಸ್ತೀನಿ ಎಂದ. ಬೇಡ ಎಂದೆ.

ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಕಿಟ್ಟಿ ಬರುವ ಮೊದಲೇ ಶಟರ್ ಎತ್ತುತ್ತೇನೆ. ಮೂಲೆಯಲ್ಲಿ ಎಂಟು ಕಲ್ಲು ಇಟ್ಟಿದ್ದೇನೆ. ಒಳಗೆ ನಿಂತ ಒಂದೊಂದು ಕಾರಿನ ಮುಂದಿನ ಚಕ್ರಕ್ಕೂ ಕಲ್ಲು ಕೊಡುತ್ತೇನೆ. ಕೊಡುವ ಮೊದಲು ಆಫ್ ಮಾಡಿದ್ರಾ ಎಂದು ಕೇಳುತ್ತೇನೆ. ಕಾರಿನೊಳಗೆ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಕಲ್ಲು ಕೊಟ್ಟು ಮುಂದಿನ ಕಾರಿಗೆ ಹೋಗುತ್ತೇನೆ.