ದಾರಿಯ ಮೇಲಿನ ಸೆಗಣಿ

ಎಂಬತ್ತರ ದಶಕದಲ್ಲಿ ಎರಡು ವರ್ಷ ನಾನು ಮುಧೋಳ ತಾಲೂಕಿನ ಒಂದು ಹಳ್ಳಿಯಲ್ಲಿ ಎಂಜಿನಿಯರ್ ಆಗಿದ್ದೆ. ರನ್ನ ಬೆಳಗಲಿಯಲ್ಲಿ ಬಸ್ಸಿಳಿದು ನಡೆದು ಹೋಗಬೇಕಿತ್ತು. ಊರಿನ ಸೆಗಣಿಯನ್ನೆಲ್ಲ ಒಂದೇ ತೊಟ್ಟಿಗೆ ಹಾಕಿ ಗ್ಯಾಸ್ ಮಾಡುವುದು, ಆ ಗ್ಯಾಸಿನಿಂದ ಎಂಜಿನ್ ಓಡಿಸಿ ಬಾವಿಯ ನೀರನ್ನು ಮೇಲೆತ್ತುವುದು, ಮರಳಿನಲ್ಲಿ ಸೋಸಿ ನಳಕ್ಕೆ ಬಿಡುವುದು. ಇಷ್ಟೇ ಯೋಜನೆ. ಒಂದು ಬುಟ್ಟಿ ಸೆಗಣಿ ತಂದವರಿಗೆ ಎರಡು ಕೊಡ ನೀರು ಎಂಬ ನಿಯಮ ನನ್ನದು. ಅದು ಊರವರೇ ಮಾಡಿಕೊಂಡದ್ದೆಂದು ಬಹಳ ಕಾಲ ಹೇಳುತ್ತಿದ್ದೆ.

ಮೊದಲ ತಿಂಗಳುಗಳು ಚೆನ್ನಾಗಿ ನಡೆದವು. ಆಮೇಲೆ ಸೆಗಣಿಗೆ ಬೆಲೆ ಬಂತು. ಜನ ಬುಟ್ಟಿ ಹಿಡಿದು ಎತ್ತುಗಳ ಹಿಂದೆಯೇ ಹೊಲದಿಂದ ಮನೆಯವರೆಗೆ ನಡೆಯತೊಡಗಿದರು. ಎಂಜಿನ್ ನೋಡಿಕೊಳ್ಳುತ್ತಿದ್ದಾತ ಒಂದು ದಿನ ಹೇಳಿದ: “ಸಾಹೇಬ್ರ, ಇನ್ನ ಎತ್ತು ಬಾಲ ಎತ್ತಾಕೂ ನಿಮ್ಮ ಅಪ್ಪಣಿ ಬೇಕಾಗತೈತಿ ನೋಡ್ರಿ.” ನಾನು ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ.

ಊರ ಕೊನೆಯಲ್ಲಿ ಒಬ್ಬ ಮುದುಕಿ ಇದ್ದಳು. ದನವಿಲ್ಲ, ಹೊಲವಿಲ್ಲ. ದಾರಿಯಲ್ಲಿ ಬಿದ್ದ ಸೆಗಣಿ (ಅಲ್ಲಿಯವರ ಬಾಯಲ್ಲಿ ಹೆಂಡಿ) ಆರಿಸಿ ಗೋಡೆಗೆ ಕುಳ್ಳು ತಟ್ಟಿ, ಅದನ್ನೇ ಒಲೆಗೆ ಹಾಕಿ ರೊಟ್ಟಿ ಬೇಯಿಸುತ್ತಿದ್ದಳು. ಬಿದ್ದದ್ದು ಆರಿಸಿದವರದು ಎಂಬುದು ಅಲ್ಲಿನ ಹಳೆಯ ರೂಢಿ. ಈಗ ದಾರಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ನಳದ ಹತ್ತಿರ ಬಂದು ಖಾಲಿ ಬುಟ್ಟಿಯನ್ನು ನನ್ನ ಮುಂದೆ ಬೋರಲು ಹಾಕಿದಳು.

“ಯಪ್ಪಾ, ನಿನ್ನ ನೀರು ಬ್ಯಾಡ ನನಗ. ಹಳ್ಳದ ನೀರು ಕುಡದ ಇಷ್ಟು ವರ್ಷ ಬದಕೇನಿ. ದಾರ್ಯಾಗಿನ ಹೆಂಡಿ ಅಷ್ಟು ಬಿಡಸಿ ಕೊಡು.”

ಸರದಿಯಲ್ಲಿದ್ದ ಹೆಂಗಸೊಬ್ಬಳು, “ನಮ್ಮ ಎತ್ತಿನ ಹೆಂಡಿ ನಿನಗ್ಯಾಕ ಬಿಡೂಣು ಆಯಿ?” ಎಂದಳು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಏನು ಹೇಳಿದೆ? ಗ್ಯಾಸ್ ಕಡಿಮೆಯಾದರೆ ಎಲ್ಲರ ನೀರೂ ನಿಲ್ಲುತ್ತದೆ ಎಂದು ವಿವರಿಸಿದೆನೆಂದು ಒಂದು ನೆನಪು. ವಿಚಾರ ಮಾಡುತ್ತೇನೆ ಅಂದೆನೆಂದು ಇನ್ನೊಂದು. ಎರಡನೆಯದು ನನಗೆ ಅನುಕೂಲವಾದದ್ದು, ಆದ್ದರಿಂದ ಅದನ್ನು ನಂಬುವುದಿಲ್ಲ. ಏನೇ ಅಂದಿರಲಿ, ನಿಯಮ ಬದಲಾಗಲಿಲ್ಲ. ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಮಳೆಗಾಲದ ಹೊತ್ತಿಗೆ ಅವಳ ಗೋಡೆಯ ಮೇಲೆ ಕುಳ್ಳು ಕಿತ್ತ ದುಂಡನೆಯ ಗುರುತುಗಳಷ್ಟೇ ಇದ್ದವು. ಸಾವಳಗಿ ಕಡೆ ಮಗಳ ಮನೆಗೆ ಹೋದಳೆಂದರು. ನಾನು ವಿಚಾರಿಸಲಿಲ್ಲ.

ಅವಳು ಬುಟ್ಟಿ ಬೋರಲು ಹಾಕಿದ ವಾರದ ಡೈರಿಯನ್ನು ಈಗ ತೆಗೆದು ನೋಡಿದೆ. ಮುದುಕಿಯ ಸುದ್ದಿಯೇ ಇಲ್ಲ. ಏಳೂ ದಿನ ನನ್ನ ಕೈಬರಹದಲ್ಲಿ ಒಂದೇ ಸಾಲು: ನೀರು ತಿಳಿಯಾಗಿದೆ, ಗ್ಯಾಸ್ ಬೇಕಾದ್ದಕ್ಕಿಂತ ಹೆಚ್ಚೇ ಇದೆ.